ಭಯಾನಕ ಕಾದಂಬರಿ ತೆರೆಗೆ ಬರುವಾಗ ಉಳಿಯಬೇಕಾದದ್ದು ಯಾವುದು?

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಸಿನಿಮಾ ಪುರವಣಿಯಲ್ಲಿ ಈಚೆಗೆ ಪ್ರಕಟವಾದ ಲೇಖನವೊಂದರಲ್ಲಿ, ಜನಪ್ರಿಯ ಭಯಾನಕ ಕಾದಂಬರಿಗಳನ್ನು ಚಿತ್ರವಾಗಿಸುವವರು ಮೂಲದ ಒಂದೊಂದು ಘಟನೆಯನ್ನೂ ಇದ್ದಂತೆಯೇ ಉಳಿಸಿಕೊಳ್ಳಬೇಕು, ಇಲ್ಲವಾದರೆ ಅದು ಓದುಗರಿಗೆ ಬಗೆದ ದ್ರೋಹ ಎಂಬ ಅಭಿಪ್ರಾಯ ವ್ಯಕ್ತವಾಗಿತ್ತು. ಆ ಮಾತಿನ ಹಿಂದೆ ಓದುಗರ ಬಗ್ಗೆ ಇರುವ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೆ ಘಟನೆಗಳನ್ನೆಲ್ಲ ಉಳಿಸಿಕೊಂಡ ಮಾತ್ರಕ್ಕೆ ಕಾದಂಬರಿಯ ಭಯ ತೆರೆಯ ಮೇಲೂ ಉಳಿಯುತ್ತದೆ ಎಂಬ ನಂಬಿಕೆ ಸರಿಯಲ್ಲವೆಂದು ನನಗೆ ಬಲವಾಗಿ ಅನ್ನಿಸಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಇದಕ್ಕೆ ಸ್ಟೀಫನ್ ಕಿಂಗ್ ಅವರ ‘ದ ಶೈನಿಂಗ್’ ಕಾದಂಬರಿಗಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಏಕೆಂದರೆ ಅದು ಎರಡು ಬಾರಿ, ಒಂದಕ್ಕೊಂದು ತೀರ ವಿರುದ್ಧವಾದ ರೀತಿಗಳಲ್ಲಿ ತೆರೆಗೆ ಬಂದಿದೆ. 1977ರಲ್ಲಿ ಪ್ರಕಟವಾದ ಆ ಕಾದಂಬರಿಯನ್ನು ಸ್ಟ್ಯಾನ್ಲಿ ಕುಬ್ರಿಕ್ 1980ರಲ್ಲಿ ಚಿತ್ರವಾಗಿಸಿದರು. ಆ ಚಿತ್ರವನ್ನು ಒಪ್ಪದೆ ಅನೇಕ ವರ್ಷ ಬಹಿರಂಗವಾಗಿಯೇ ಆಕ್ಷೇಪಿಸುತ್ತ ಬಂದ ಕಿಂಗ್, 1997ರಲ್ಲಿ ತಾವೇ ಚಿತ್ರಕಥೆ ಬರೆದು, ಮಿಕ್ ಗ್ಯಾರಿಸ್ ಅವರ ನಿರ್ದೇಶನದಲ್ಲಿ ಮೂರು ಕಂತುಗಳ ಟಿ.ವಿ. ಸರಣಿಯನ್ನು ಹೊರತಂದರು. ಕಾದಂಬರಿಗೆ ಪ್ರೇರಣೆಯಾದ ಕೊಲೊರಾಡೊದ ಸ್ಟ್ಯಾನ್ಲಿ ಹೋಟೆಲಿನಲ್ಲಿಯೇ ಅದರ ಚಿತ್ರೀಕರಣವೂ ನಡೆಯಿತು. ಲೇಖಕರು ಸಂದರ್ಶನಗಳಲ್ಲಿ ಬಯಸುತ್ತಿದ್ದ ನಿಷ್ಠೆ ಇಲ್ಲಿ ಪೂರ್ತಿಯಾಗಿತ್ತು.

ಹಿಮ ಸುರಿದು ದಾರಿ ಕಡಿದುಹೋಗುವ ಬೆಟ್ಟದ ಹೋಟೆಲೊಂದನ್ನು ಚಳಿಗಾಲವಿಡೀ ಕಾಯುವ ಕೆಲಸಕ್ಕೆ ಜ್ಯಾಕ್ ಟೊರೆನ್ಸ್ ಎಂಬಾತ ಹೆಂಡತಿ ವೆಂಡಿಯನ್ನೂ ಐದು ವರ್ಷದ ಮಗ ಡ್ಯಾನಿಯನ್ನೂ ಕರೆದುಕೊಂಡು ಹೋಗುತ್ತಾನೆ. ಕುಡಿತದ ಅಮಲಿನಲ್ಲಿ ಒಮ್ಮೆ ಮಗನ ಕೈ ಮುರಿದವನು, ಕುಡಿತ ಬಿಟ್ಟ ಮೇಲೂ ಸಿಟ್ಟಿನ ಭರದಲ್ಲಿ ವಿದ್ಯಾರ್ಥಿಯೊಬ್ಬನನ್ನು ಹೊಡೆದು ಅಧ್ಯಾಪಕ ವೃತ್ತಿ ಕಳೆದುಕೊಂಡವನು, ಈಗ ಮನೆ ಉಳಿಸಿಕೊಳ್ಳಲು ಒಳಗೊಳಗೇ ಹೆಣಗುತ್ತಿರುವವನು ಅವನು. ಕಾದಂಬರಿಯ ಭಯವೆಲ್ಲ ಈ ಹೆಣಗಾಟದಲ್ಲಿದೆ. ಒಳ್ಳೆಯವನಾಗಿರಲು ಬಯಸುವ ತಂದೆಯೊಬ್ಬ ದಿನದಿಂದ ದಿನಕ್ಕೆ ಸೋಲುತ್ತಿರುವುದನ್ನು ನಾವು ಅವನ ಮನಸ್ಸಿನೊಳಗೇ ಕುಳಿತು ನೋಡುತ್ತೇವೆ. ಹೋಟೆಲಿನ ದೆವ್ವಗಳು ಆ ಸೋಲನ್ನು ಬೇಗ ಮಾಡುತ್ತವೆ, ಅಷ್ಟೇ. ನೆಲಮಾಳಿಗೆಯಲ್ಲಿರುವ ಹಳೆಯ ಬಾಯ್ಲರ್‌ನ ಒತ್ತಡವನ್ನು ಅವನು ದಿನವೂ ತಪ್ಪದೆ ಇಳಿಸುತ್ತಿರಬೇಕು, ಮರೆತರೆ ಅದು ಸಿಡಿಯುತ್ತದೆ. ಆ ಮನುಷ್ಯನ ಸ್ಥಿತಿಯನ್ನು ಬೇರೆ ವಿವರಿಸಬೇಕಾಗಿಲ್ಲ.

ಮನಸ್ಸಿನೊಳಗಿನ ಮಾತನ್ನು ಕ್ಯಾಮೆರಾ ಹಿಡಿಯಲಾರದು. ರೂಪಾಂತರದ ಕಷ್ಟವೆಲ್ಲ ಇಲ್ಲಿಂದಲೇ ಆರಂಭವಾಗುತ್ತದೆ. ಟಿ.ವಿ. ಸರಣಿಯಲ್ಲಿ ಜ್ಯಾಕ್‌ನ ಒಳಗಿನ ಹೋರಾಟವನ್ನು ಪಾತ್ರಗಳು ಒಬ್ಬರಿಗೊಬ್ಬರು ಬಾಯಿಬಿಟ್ಟು ಹೇಳುತ್ತವೆ. ಕುಡಿತದ ವಿಷಯ, ಕ್ಷಮೆಯ ವಿಷಯ, ಎಲ್ಲವೂ ಸಂಭಾಷಣೆಯಾಗುತ್ತದೆ. ಪುಸ್ತಕದಲ್ಲಿ ಓದುವಾಗ ಬೆನ್ನು ತಣ್ಣಗಾಗಿಸುವ, ಪ್ರಾಣಿಗಳ ಆಕಾರದಲ್ಲಿ ಕತ್ತರಿಸಿದ ಗಿಡಗಳು ನಾವು ಕಣ್ಣು ತಿರುಗಿಸಿದಾಗ ಮಾತ್ರ ಒಂದೊಂದು ಹೆಜ್ಜೆ ಹತ್ತಿರ ಬರುವ ಪ್ರಸಂಗವನ್ನು ಕಂಪ್ಯೂಟರ್ ಗ್ರಾಫಿಕ್ಸ್‌ನಿಂದ ತೋರಿಸಿದಾಗ, ಅವು ಚಲಿಸುವುದು ಕಣ್ಣಿಗೆ ಕಂಡಿತು, ಹೆದರಿಕೆ ಹೋಯಿತು. ನಾನು ಆ ಸರಣಿಯನ್ನು ಮೆಚ್ಚಬೇಕೆಂದು ಮನಸ್ಸು ಮಾಡಿಕೊಂಡೇ ನೋಡಿದೆ. ಘಟನೆಗಳ ಲೆಕ್ಕದಲ್ಲಿ ಅದರಲ್ಲಿ ಕೊರತೆ ಹುಡುಕುವುದು ಕಷ್ಟ. ಆದರೂ ಮೂರನೆಯ ಕಂತಿನ ಹೊತ್ತಿಗೆ ನನ್ನೊಳಗೆ ಯಾವ ಆತಂಕವೂ ಉಳಿದಿರಲಿಲ್ಲ.

ಕುಬ್ರಿಕ್ ಬಾಯ್ಲರ್‌ನ ಸ್ಫೋಟವನ್ನು ಕೈಬಿಟ್ಟರು, ಪ್ರಾಣಿಗಳ ಆಕಾರದ ಗಿಡಗಳ ಜಾಗದಲ್ಲಿ ಬೇಲಿಗಿಡಗಳ ಚಕ್ರವ್ಯೂಹವನ್ನು ತಂದರು, ಕಾದಂಬರಿಯ 217ನೇ ಕೋಣೆಯನ್ನು 237 ಮಾಡಿದರು. ಆದರೆ ಅವರು ಹೊಸದಾಗಿ ಸೇರಿಸಿದ ಒಂದು ದೃಶ್ಯವನ್ನು ಗಮನಿಸಬೇಕು. ಗಂಡ ವಾರಗಟ್ಟಲೆ ಬರೆಯುತ್ತಿರುವ ಕೃತಿ ಏನಿರಬಹುದೆಂದು ವೆಂಡಿ ಟೈಪ್‌ರೈಟರಿನ ಪಕ್ಕದ ಹಾಳೆಗಳನ್ನು ತಿರುವುತ್ತಾಳೆ; ಒಂದೇ ವಾಕ್ಯ, ಹಾಳೆಯ ಮೇಲೆ ಹಾಳೆ, ಬೇರೆ ಬೇರೆ ಜೋಡಣೆಗಳಲ್ಲಿ. ಇದು ಕಾದಂಬರಿಯಲ್ಲಿಲ್ಲ. ಆದರೆ ಕಾದಂಬರಿ ಅನೇಕ ಅಧ್ಯಾಯಗಳಲ್ಲಿ ಹೇಳಿದ ಮನಸ್ಸಿನ ಕುಸಿತವನ್ನು ಮಾತಿಲ್ಲದೆ ಕಣ್ಣಿಗೆ ಕಾಣಿಸುವ ದೃಶ್ಯ ಇದೊಂದೇ. ಹಾಗೆಯೇ, ಆಗಷ್ಟೇ ಬಳಕೆಗೆ ಬಂದಿದ್ದ, ಕ್ಯಾಮೆರಾವನ್ನು ಅಲುಗದಂತೆ ಹಿಡಿಯುವ ಸ್ಟೆಡಿಕ್ಯಾಮ್ ಎಂಬ ಸಾಧನ ನೆಲಕ್ಕೆ ತಾಗುವಂತೆ ಡ್ಯಾನಿಯ ಮೂರು ಚಕ್ರದ ಸೈಕಲ್ಲಿನ ಹಿಂದೆ ಹೋಗುವಾಗ, ಮರದ ನೆಲದ ಮೇಲೆ ಚಕ್ರಗಳ ಗಡಗಡ ಸದ್ದು, ಕಂಬಳಿ ಹಾಸಿದಲ್ಲಿ ಏಕಾಏಕಿ ಮೌನ, ಮತ್ತೆ ಸದ್ದು, ಮತ್ತೆ ಮೌನ. ಮುಂದಿನ ತಿರುವಿನಲ್ಲಿ ಏನೋ ಇದೆ ಎಂಬ ಭಾವ ಆ ಸದ್ದಿನಿಂದಲೇ ಹುಟ್ಟುತ್ತದೆ. ಪುಟ ತಿರುಗಿಸಲು ಹೆದರುವ ಓದುಗನ ಅನುಭವವನ್ನು ಪ್ರೇಕ್ಷಕನಿಗೆ ಕೊಡುವ ದಾರಿಯನ್ನು ನಿರ್ದೇಶಕರು ಸಿನಿಮಾದ ಸಾಮಗ್ರಿಯಲ್ಲಿಯೇ ಹುಡುಕಿಕೊಂಡರು.

ಹಾಗೆಂದು ಕಿಂಗ್ ಅವರ ದೂರನ್ನು ನಾನು ತಳ್ಳಿಹಾಕುವುದಿಲ್ಲ. ಒಂದು ವಿಷಯದಲ್ಲಿ ಅವರ ನೋವು ನ್ಯಾಯವಾದದ್ದು. ಚಿತ್ರದ ಜ್ಯಾಕ್ ಮೊದಲ ದೃಶ್ಯದಿಂದಲೇ ಅಪಾಯಕಾರಿಯಾಗಿ ಕಾಣುತ್ತಾನೆ, ಆದ್ದರಿಂದ ಅವನು ಬೀಳುವುದಕ್ಕೆ ಎತ್ತರವೇ ಇರುವುದಿಲ್ಲ. ಕಾದಂಬರಿಯ ಕೊನೆಯಲ್ಲಿ, ಹೋಟೆಲಿನ ವಶವಾಗಿ ಮಗನನ್ನು ಕೊಲ್ಲಲು ನಿಂತ ತಂದೆ ಒಂದು ಕ್ಷಣ ತನ್ನ ಪ್ರಜ್ಞೆಗೆ ಮರಳಿ, ನಿನ್ನ ಮೇಲೆ ನನಗೆಷ್ಟು ಪ್ರೀತಿಯಿದೆ ಎಂಬುದನ್ನು ನೆನಪಿಟ್ಟುಕೊಂಡು ಇಲ್ಲಿಂದ ಓಡಿಹೋಗು ಎನ್ನುತ್ತಾನೆ. ಆ ಕ್ಷಣವನ್ನು ಕೈಬಿಟ್ಟದ್ದು ಚಿತ್ರಕ್ಕೆ ಆದ ದೊಡ್ಡ ನಷ್ಟ. ಕಾದಂಬರಿಯಲ್ಲಿ ಬದುಕಿ ಉಳಿದು ತಾಯಿ-ಮಗನನ್ನು ಕಾಪಾಡುವ ಅಡುಗೆಯಾತ ಹ್ಯಾಲೊರನ್‌ನನ್ನು ಚಿತ್ರದಲ್ಲಿ ಕೊಂದದ್ದನ್ನೂ, ಗಟ್ಟಿಗಿತ್ತಿಯಾದ ವೆಂಡಿಯನ್ನು ಬಹುಪಾಲು ಅಳುವುದಕ್ಕೆ ಸೀಮಿತಗೊಳಿಸಿದ್ದನ್ನೂ ನಾನು ಒಪ್ಪಲಾರೆ. ಬಾಯ್ಲರ್ ಹೋದದ್ದಕ್ಕೆ ನನಗೆ ಬೇಸರವಿಲ್ಲ. ಪ್ರೀತಿ ಹೋದದ್ದಕ್ಕೆ ಇದೆ. ಮುಂದಿನ ಭಾಗವಾದ ‘ಡಾಕ್ಟರ್ ಸ್ಲೀಪ್’ ಕಾದಂಬರಿಯನ್ನು 2019ರಲ್ಲಿ ತೆರೆಗೆ ತಂದ ಮೈಕ್ ಫ್ಲಾನಗನ್ ಅವರು ಕುಬ್ರಿಕ್‌ರ ಹೋಟೆಲನ್ನೇ ಮತ್ತೆ ಕಟ್ಟಿ, ಅದನ್ನು ಕಿಂಗ್ ಬರೆದಂತೆ ಬಾಯ್ಲರ್‌ನ ಬೆಂಕಿಗೆ ಕೊಟ್ಟರು. ಲೇಖಕ ಮತ್ತು ನಿರ್ದೇಶಕ ಇಬ್ಬರನ್ನೂ ಪ್ರೀತಿಸುವವರಿಂದ ಮಾತ್ರ ಸಾಧ್ಯವಾಗುವ ಕೆಲಸವದು.

ಬದಲಾವಣೆಯೇ ತಪ್ಪಲ್ಲ ಎಂಬುದಕ್ಕೆ ಹಳೆಯ ಸಾಕ್ಷಿಯೂ ಇದೆ. 1897ರ ‘ಡ್ರಾಕುಲಾ’ ಕಾದಂಬರಿಯಲ್ಲಿ ಆ ರಕ್ತಪಿಪಾಸು ಹಗಲಿನಲ್ಲಿಯೂ ಓಡಾಡುತ್ತಾನೆ. ಬಿಸಿಲು ತಾಗಿ ಅವನು ಅಳಿದುಹೋಗುವುದು 1922ರ ‘ನೊಸ್ಫೆರಾಟು’ ಚಿತ್ರದ ಕಲ್ಪನೆ. ಇಂದು ಅದೇ ಮೂಲವೆಂದು ಜನ ನಂಬಿದ್ದಾರೆ. ಆದರೆ ಅನುಮತಿ ಪಡೆಯದೆ ಮಾಡಿದ ಆ ಚಿತ್ರದ ವಿರುದ್ಧ ಲೇಖಕರ ಪತ್ನಿ ನ್ಯಾಯಾಲಯಕ್ಕೆ ಹೋಗಿ, ಪ್ರತಿಗಳನ್ನು ನಾಶಮಾಡುವ ಆದೇಶ ಪಡೆದರೆಂಬುದನ್ನೂ ಇಲ್ಲಿಯೇ ಹೇಳಬೇಕು. ಕಥೆಯನ್ನು ಬದಲಿಸುವ ಸ್ವಾತಂತ್ರ್ಯ ಬೇರೆ, ಬರೆದವರ ಹಕ್ಕನ್ನು ಕಡೆಗಣಿಸುವುದು ಬೇರೆ.

ಲೇಖಕರೇ ಚಿತ್ರಕಥೆ ಬರೆದರೆ ಎಲ್ಲವೂ ಕೆಡುತ್ತದೆಂದು ನನ್ನ ಅರ್ಥವಲ್ಲ. ವಿಲಿಯಂ ಪೀಟರ್ ಬ್ಲಾಟಿ ತಮ್ಮ 1971ರ ‘ದ ಎಕ್ಸಾರ್ಸಿಸ್ಟ್’ ಕಾದಂಬರಿಗೆ ತಾವೇ ಚಿತ್ರಕಥೆ ಬರೆದರು, ಅದಕ್ಕೆ ಆಸ್ಕರ್ ಪ್ರಶಸ್ತಿಯೂ ಬಂತು. ವಿಲಿಯಂ ಫ್ರೀಡ್ಕಿನ್ ನಿರ್ದೇಶಿಸಿದ ಆ 1973ರ ಚಿತ್ರವೆಂದರೆ ಅನೇಕರಿಗೆ ದೆವ್ವ ಹಿಡಿದ ಹುಡುಗಿಯ ತಲೆ ಹಿಂದುಮುಂದಾಗಿ ಸುತ್ತುವ ದೃಶ್ಯವೇ ನೆನಪಾಗುತ್ತದೆ. ಆದರೆ ಅದಕ್ಕಿಂತ ಮೊದಲು ಬರುವ ಆಸ್ಪತ್ರೆಯ ದೃಶ್ಯಗಳನ್ನು ನೋಡಿ: ಕುತ್ತಿಗೆಗೆ ಸೂಜಿ ಚುಚ್ಚುವ ಪರೀಕ್ಷೆ, ಎಕ್ಸ್‌ರೇ ಯಂತ್ರಗಳ ಸದ್ದು, ಒಬ್ಬರಾದ ಮೇಲೊಬ್ಬರು ವೈದ್ಯರು ಸುಸ್ತಾಗಿ ತಾಯಿಯ ಮುಂದೆ ನಿಲ್ಲುವುದು. ಪಾದ್ರಿಯ ಮಂತ್ರಕ್ಕೆ ಬೆಲೆ ಬರುವುದು ವೈದ್ಯರ ಸೋಲನ್ನು ಅಷ್ಟು ತಾಳ್ಮೆಯಿಂದ ತೋರಿಸಿರುವುದರಿಂದ. ಈ ಜೋಡಿಯಲ್ಲಿಯೂ ಭಿನ್ನಾಭಿಪ್ರಾಯವಿತ್ತು. ಭೂತೋಚ್ಚಾಟನೆಯ ನಡುವೆ ಮೆಟ್ಟಿಲ ಮೇಲೆ ಕುಳಿತ ಇಬ್ಬರು ಪಾದ್ರಿಗಳು, ಈ ಮಗುವಿಗೇ ಏಕೆ ಹೀಗಾಯಿತು ಎಂದು ಮಾತನಾಡಿಕೊಳ್ಳುವ ಭಾಗವನ್ನು ನಿರ್ದೇಶಕರು ಕತ್ತರಿಸಿದ್ದರು. ಲೇಖಕರ ಬಯಕೆಯಂತೆ 2000ರಲ್ಲಿ ಮತ್ತೆ ಬಿಡುಗಡೆಯಾದ ಪ್ರತಿಯಲ್ಲಿ ಅದು ಮರಳಿತು. ನಾವು ನಮ್ಮನ್ನೇ ದೇವರ ಪ್ರೀತಿಗೆ ಅರ್ಹರಲ್ಲದವರೆಂದು ತಿಳಿದು ಹತಾಶರಾಗಲಿ ಎಂಬುದೇ ಆ ದೆವ್ವದ ಉದ್ದೇಶ ಎಂಬರ್ಥದ ಆ ಮಾತು ಬಂದ ಮೇಲೆ, ಅದುವರೆಗೆ ನೋಡಿದ ಹಿಂಸೆಗೆಲ್ಲ ಒಂದು ಕಾರಣ ಸಿಗುತ್ತದೆ. ಇಲ್ಲಿ ನಾನು ಲೇಖಕರ ಪಕ್ಷ.

ಕನ್ನಡದ ಓದುಗರಿಗೆ ಈ ಚರ್ಚೆ ಹೊಸದಲ್ಲ. ಯಂಡಮೂರಿ ವೀರೇಂದ್ರನಾಥ್ ಅವರ ‘ತುಳಸಿದಳ’ ತೆಲುಗಿನಿಂದ ಬಂದು ನಮ್ಮ ಮನೆಮನೆಯಲ್ಲಿ ಓದಿಸಿಕೊಂಡಿತು, 1985ರಲ್ಲಿ ಕನ್ನಡ ಚಿತ್ರವೂ ಆಯಿತು. ನಾನು ಗ್ರಂಥಾಲಯದಲ್ಲಿ ಕೆಲಸಕ್ಕಿದ್ದ ಕಾಲದಲ್ಲಿ ಆ ಪುಸ್ತಕ ಕಪಾಟಿನಲ್ಲಿ ನಿಂತದ್ದೇ ಕಡಿಮೆ. ಹಿಂದಿರುಗಿಸುವಾಗ ಓದುಗರು, ಅದರಲ್ಲೂ ತಾಯಂದಿರು, ಅದರಲ್ಲಿ ಬರುವ ಕಾಷ್ಮೋರ ಎಂಬ ದುಷ್ಟಶಕ್ತಿಯ ಬಗ್ಗೆ ಒಂದು ಮಾತಾಡಿದರೆ, ಮಾಟಕ್ಕೆ ಗುರಿಯಾದ ಮಗುವಿನ ಬಗ್ಗೆ ಹತ್ತು ಮಾತಾಡುತ್ತಿದ್ದರು. ಮಾಟದ ವಿಧಿವಿಧಾನಗಳು ಅವರ ಕುತೂಹಲ ಕೆರಳಿಸಿದ್ದವು, ನಿಜ. ನಿದ್ದೆ ಕೆಡಿಸಿದ್ದು ಮಾತ್ರ ಪುಟ್ಟ ತುಳಸಿಯ ನರಳಾಟ, ಅದನ್ನು ನೋಡುತ್ತ ಏನೂ ಮಾಡಲಾಗದ ತಂದೆತಾಯಿಯ ಅಸಹಾಯಕತೆ.

ಈಗ ಎಂಟು ಹತ್ತು ಕಂತುಗಳ ವೆಬ್ ಸರಣಿಗಳ ಕಾಲ ಬಂದಿದೆ, ಇಂಥ ಕಾದಂಬರಿಗಳಿಗೆ ಬೇಕಾದ ಸಾವಧಾನ ತೆರೆಯ ಮೇಲೂ ಸಿಗುವ ಅವಕಾಶವಿದೆ. ಆ ಸಮಯವನ್ನು ಗ್ರಾಫಿಕ್ಸ್‌ನ ದೆವ್ವಗಳಿಗೂ ಕಿವಿಗಡಚಿಕ್ಕುವ ಹಿನ್ನೆಲೆ ಸಂಗೀತಕ್ಕೂ ಕೊಡದೆ, ಮನೆಯೊಳಗಿನ ಸಾಮಾನ್ಯ ದಿನಗಳಿಗೆ, ಮಗು ಶಾಲೆಗೆ ಹೊರಡುವ ಬೆಳಗಿಗೆ, ವೈದ್ಯರ ಕೋಣೆಯ ಮುಂದೆ ಕಾಯುವ ಗಂಟೆಗಳಿಗೆ ಕೊಡಬೇಕೆಂದು ನಮ್ಮ ನಿರ್ಮಾಪಕರಲ್ಲಿ ನನ್ನ ವಿನಂತಿ. ಚಿತ್ರಕಥೆ ಆರಂಭಿಸುವ ಮೊದಲು, ಆ ಕಾದಂಬರಿಯನ್ನು ಓದಿ ಹೆದರಿದವರನ್ನು ಎದುರು ಕೂರಿಸಿಕೊಂಡು, ಯಾವ ಪುಟದಲ್ಲಿ ಹೆದರಿದಿರಿ, ಯಾರಿಗಾಗಿ ಹೆದರಿದಿರಿ ಎಂದು ಅವರು ಕೇಳಿಕೊಳ್ಳಲಿ. ಅಂಥ ಅನುಭವಗಳನ್ನು ಬರೆದು ಕಳುಹಿಸುವಂತೆ ಓದುಗರನ್ನು ಆಹ್ವಾನಿಸಿ, ಪುರವಣಿಯ ಒಂದು ಪುಟವನ್ನು ಅದಕ್ಕಾಗಿ ಮೀಸಲಿಡಬೇಕೆಂದು ತಮ್ಮಲ್ಲಿಯೂ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಗ್ರಂಥಪಾಲಕ, ಶಿವಮೊಗ್ಗ