ಮಕ್ಕಳ ವಾರ್ಡ್‌ಗೇ ಸ್ಕ್ಯಾನಿಂಗ್ ಯಂತ್ರ ಬರಲಿ

ಮಾನ್ಯರೇ,

ಮಳೆಗಾಲದಲ್ಲಿ ಗದಗ, ಹಾವೇರಿ ಕಡೆಯಿಂದ ಡೆಂಗಿಯಾದ ಮಕ್ಕಳನ್ನು ಹುಬ್ಬಳ್ಳಿಯ ಕಿಮ್ಸ್ (ಈಗಿನ ಕೆಎಂಸಿಆರ್‌ಐ) ಆಸ್ಪತ್ರೆಗೆ ಕರೆತರುತ್ತಾರೆ. ಗಂಭೀರವಾದ ಮಗುವಿಗೆ ಸಲೈನ್ ಎಷ್ಟು ಹಾಕಬೇಕು ಎಂಬುದೇ ದೊಡ್ಡ ಲೆಕ್ಕ. ಕಡಿಮೆಯಾದರೆ ರಕ್ತದೊತ್ತಡ ಕುಸಿಯುತ್ತದೆ, ಜಾಸ್ತಿಯಾದರೆ ಎದೆಯಲ್ಲಿ ನೀರು ತುಂಬುತ್ತದೆ. ಇದನ್ನು ಅಂದಾಜಿಸಲು ಹೃದಯದ ಹತ್ತಿರದ ಅಭಿಧಮನಿಯ ಒತ್ತಡವನ್ನೂ ನೋಡುತ್ತಾರೆ. ಅದನ್ನು ನೇರವಾಗಿ ಅಳೆಯಲು ಕುತ್ತಿಗೆಯ ರಕ್ತನಾಳದಂಥ ಕಡೆ ನಳಿಕೆ ಇಳಿಸಬೇಕು. ಸೋಂಕಿನ ಭಯ ಇದ್ದೇ ಇದೆ. ಪ್ಲೇಟ್‌ಲೆಟ್ ಇಳಿದ ಮಗುವಿಗೆ ರಕ್ತಸ್ರಾವದ ಭಯ ಇನ್ನೂ ಜಾಸ್ತಿ.

ಚುಚ್ಚದೆಯೂ ಅಂದಾಜು ಸಿಗುತ್ತದೆ. ಹೊಟ್ಟೆಯ ಮೇಲೆ ಅಲ್ಟ್ರಾಸೌಂಡ್ ಇಟ್ಟು, ಹೃದಯಕ್ಕೆ ರಕ್ತ ತರುವ ದೊಡ್ಡ ಅಭಿಧಮನಿ ಉಸಿರಾಟದ ಜೊತೆ ಎಷ್ಟು ಕುಗ್ಗುತ್ತದೆ ಎಂದು ನೋಡುತ್ತಾರೆ. ನಳಿಕೆಯಷ್ಟು ಖಚಿತವಲ್ಲ, ಕೆಲವು ಮಕ್ಕಳಿಗೆ ನಳಿಕೆ ಬೇಕೇ ಬೇಕು. ಆದರೂ ನೋವಿಲ್ಲದೆ ಮತ್ತೆ ಮತ್ತೆ ನೋಡಬಹುದು, ಅಲ್ವಾ?

ಇದೇ ಅಲ್ಟ್ರಾಸೌಂಡ್‌ನಿಂದ ಭ್ರೂಣದ ಲಿಂಗವೂ ತಿಳಿಯುವುದರಿಂದ, 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯಡಿ ಇಂಥ ಪ್ರತಿ ಸ್ಕ್ಯಾನಿಂಗ್ ಯಂತ್ರಕ್ಕೂ ನೋಂದಣಿ ಬೇಕು. ಆ ಕಾಯ್ದೆ ಸಡಿಲವಾಗುವುದು ಬೇಡ. ಆದರೆ ಜಿಲ್ಲಾ ಆಸ್ಪತ್ರೆಗಳ ಮಕ್ಕಳ ತುರ್ತು ವಾರ್ಡ್‌ಗೆ ಅನುಮತಿ ಬೇಗ ಸಿಗಲಿ. ರಾತ್ರಿ ಪಾಳಿಯ ವೈದ್ಯರಿಗೂ ತರಬೇತಿ ಕೊಡಿಸಿ. ಮಕ್ಕಳ ಸ್ಥಿತಿ ಹದಗೆಡಲು ಹೊತ್ತು ಬೇಕಿಲ್ಲ.

– ಒಬ್ಬ ಪಾಲಕರು, ಗದಗ