ಪುಟ್ಟಿಗೆ, ಫೋರ್ ಬೈ ಫೋರ್ ಕ್ಯೂಬಿನ ವಿಚಾರ

ದಾವಣಗೆರೆ

ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಚಿತ್ರದುರ್ಗಕ್ಕೆ ಸುಖವಾಗಿ ತಲುಪಿದೆ ಅಂತ ನಿಮ್ಮಪ್ಪ ಫೋನ್ ಮಾಡಿದ್ದ. ಭಾನುವಾರ ಪಡಸಾಲೆಯಲ್ಲಿ ಕೂತು ನೀನು ಫೋರ್ ಬೈ ಫೋರ್ (ಸಾಲಿಗೆ ನಾಲ್ಕು ತುಂಡಿನ ರೂಬಿಕ್ಸ್ ಕ್ಯೂಬ್) ಬಿಡಿಸುವಾಗ ನಿನ್ನ ಕೈಯನ್ನೇ ನೋಡುತ್ತಿದ್ದೆ. ಬೆರಳು ಚೆನ್ನಾಗಿ ಓಡುತ್ತವೆ. ಟೈಮ್ ಹೋಗುತ್ತಿರುವುದು ಹುಡುಕಾಟದಲ್ಲಿ.

ನೀನು ಮಾಡುವುದು ರಿಡಕ್ಷನ್. ಮೊದಲು ಆರೂ ಸೆಂಟರ್, ಅಂದರೆ ಪ್ರತಿ ಮುಖದ ನಡುವಿನ ತುಂಡುಗಳನ್ನು ಒಂದೇ ಬಣ್ಣಕ್ಕೆ ತರುವುದು; ಆಮೇಲೆ ಅಂಚಿನ ಒಂದೇ ಥರದ ಎರಡೆರಡು ತುಂಡು ಸೇರಿಸಿ 12 ಜೋಡಿ; ಕೊನೆಗೆ ಸಾಮಾನ್ಯ ತ್ರೀ ಬೈ ತ್ರೀ ಕ್ಯೂಬಿನ ಥರ ಬಿಡಿಸುವುದು. ತಪ್ಪೇನಿಲ್ಲ. ಆದರೆ ಜೋಡಿಯೆಲ್ಲ ಮುಗಿಸಿ, ಬಿಳಿ ಕ್ರಾಸಿಗಾಗಿ (ಬಿಳಿ ಸೆಂಟರಿನ ಸುತ್ತ ನಾಲ್ಕು ಬಿಳಿ ಅಂಚು) ಕ್ಯೂಬನ್ನು ನಾಲ್ಕು ಸಲ ಹೊರಳಿಸಿದೆಯಲ್ವಾ? ಸೆಕೆಂಡುಗಳು ಸೋರಿದ್ದು ಅಲ್ಲೇ.

ಯೌ ವಿಧಾನ ಕಲಿ. ರಾಬರ್ಟ್ ಯೌ 2009ರಲ್ಲಿ ಹೇಳಿಕೊಟ್ಟದ್ದು. ಮೊದಲು ಬಿಳಿ, ಹಳದಿ ಸೆಂಟರ್ ಎರಡೇ. ತಕ್ಷಣ ಕ್ರಾಸಿನ ಮೂರು ಅಂಚು ಜೋಡಿಸಿ ಬಿಳಿಯ ಸುತ್ತ ಕೂರಿಸು. ಬಿಳಿಯನ್ನು ಎಡಗೈಗೆ ಹಿಡಿ. ಉಳಿದ ನಾಲ್ಕು ಸೆಂಟರನ್ನು ಬಲಗಡೆಯ ಪದರ, ಮೇಲಿನ ಪದರ ತಿರುಗಿಸಿಯೇ ಮುಗಿಸಬಹುದು. ಆಮೇಲೆ ನಾಲ್ಕನೇ ಅಂಚು ಸೇರಿಸಿದರೆ ಕ್ರಾಸ್ ಆಯಿತು. ಉಳಿದ ಎಂಟು ಜೋಡಿಗೆ ಬಿಳಿ ಅಂಚನ್ನು ನೋಡುವ ಗೋಜೇ ಇಲ್ಲ.

ಸೆಂಟರಿನ ಬಣ್ಣ ಮಾತ್ರ ನೆನಪಿರಲಿ. ಫೋರ್ ಬೈ ಫೋರಿನಲ್ಲಿ ನಡುವಿನ ತುಂಡು ಕದಲದೆ ನಿಂತಿರುವುದಿಲ್ಲ. ನಾನೊಮ್ಮೆ ಕೆಂಪು, ಕಿತ್ತಳೆ ಅಕ್ಕಪಕ್ಕ ಕೂರಿಸಿ, ಕೊನೆಯಲ್ಲಿ ಮೂಲೆಗಳು ಹೊಂದದೆ ಎಲ್ಲ ಬಿಚ್ಚಬೇಕಾಯಿತು. ಕೆಂಪಿನ ಎದುರು ಕಿತ್ತಳೆ, ನೀಲಿಯ ಎದುರು ಹಸಿರು.

ಇನ್ನು ಪ್ಯಾರಿಟಿ, ಅಂದರೆ ತ್ರೀ ಬೈ ತ್ರೀಯಲ್ಲಿ ಬರಲಾರದ, ಇಲ್ಲಿ ಕೊನೆಯಲ್ಲಿ ಎದುರಾಗುವ ತೊಡಕು. ಒಂದು ಅಂಚು ಮಗುಚಿ ಕೂರುವುದು, ಎರಡು ಜೋಡಿ ಅದಲುಬದಲಾಗುವುದು. ಎರಡೂ ಅರ್ಧದಷ್ಟು ಸಲ ಬರುತ್ತವೆ. ಅಂದರೆ ಸುಮಾರು ನಾಲ್ಕರಲ್ಲಿ ಮೂರು ಸಲ ಏನಾದರೊಂದು ಎದುರಾಗುತ್ತದೆ. ಅದು ನಿನ್ನ ತಪ್ಪಲ್ಲ ಮಗಳೇ, ಒಳಪದರಗಳು ತಿರುಗುವುದರಿಂದ ಬರುವಂಥದ್ದು. ಎರಡಕ್ಕೂ ಸೂತ್ರ (ತಿರುವುಗಳ ಸಾಲು) ಕಣ್ಣು ಮುಚ್ಚಿ ಬರುವಷ್ಟು ಕೈಗೆ ಹತ್ತಲಿ.

ಫೈವ್ ಬೈ ಫೈವಿಗೆ ಹೋಯಾ ಅನ್ನುವ ವಿಧಾನವೂ ಕೆಲವರಿಗೆ ಒಗ್ಗುತ್ತದೆ, ಅದರಲ್ಲಿ ನಾಲ್ಕು ಸೆಂಟರ್ ಆದ ಮೇಲೆ ಕ್ರಾಸ್. ಸಿಕ್ಸ್, ಸೆವೆನ್‌ಗೆ ನಿನ್ನ ರಿಡಕ್ಷನ್ನೇ ಇರಲಿ. ಸೆವೆನ್ ಬೈ ಸೆವೆನ್‌ನಲ್ಲಿ ಒಂದು ಮುಖಕ್ಕೆ 25 ಸೆಂಟರ್ ತುಂಡು. ಕೆಲಸವೆಲ್ಲ ಅಲ್ಲೇ ಇರುತ್ತದೆ, ಕ್ರಾಸಿನಿಂದ ಉಳಿಯುವುದು ಕಡಿಮೆ.

ಮೊದಲ ಹತ್ತು ದಿನ ನಿನ್ನ ಟೈಮ್ ಜಾಸ್ತಿಯೇ ಆಗುತ್ತದೆ. ಹೆದರಿ ಹಳೆಯದಕ್ಕೆ ಓಡಬೇಡ. ಪರೀಕ್ಷೆ ಹತ್ತಿರವಿದ್ದರೆ ಸುಮ್ನೆ ಎತ್ತಿಡು, ಆಮೇಲೆ ಶುರುಮಾಡು.

ದಸರೆ ರಜೆಗೆ ಬಾ. ಸೆವೆನ್ ಬೈ ಸೆವೆನ್‌ಗೆ ಸಿಲಿಕಾನ್ ಎಣ್ಣೆ ಹಾಕಿ ಇಟ್ಟಿರುತ್ತೇನೆ. ಮಂಡಕ್ಕಿ ಮಿರ್ಚಿ ತಿಂದ ಕೈ ತೊಳೆದುಕೊಂಡೇ ಮುಟ್ಟಬೇಕು, ಈಗಲೇ ಹೇಳಿದ್ದೇನೆ.

ನಿನ್ನ ದೊಡ್ಡಪ್ಪ