ಎಸ್‌ಪಿಬಿ ದನಿ ಕೇಳುತ್ತಾ ಮಲಗುವ ಪುಟ್ಟಿಗೆ

ಸಾಗರ

ಪ್ರೀತಿಯ ಪುಟ್ಟಿ,

ದೊಡ್ಡಮ್ಮನ ಆಶೀರ್ವಾದಗಳು. ನಿನ್ನ ಮೆಸೇಜಿಗೆ ಫೋನಿನಲ್ಲೇ ಉತ್ತರ ಹಾಕಬಹುದಿತ್ತು. ಎರಡು ಸಾಲಿನಲ್ಲಿ ಮುಗಿಯುವ ಮಾತಲ್ಲ ಅಂತ ಕಾಗದ ಬರೆಯುತ್ತಿದ್ದೇನೆ.

ಆಫೀಸಿನಿಂದ ಬಂದು, ಒಂದಿಷ್ಟು ತಿಂದು, ಫೋನಿನಲ್ಲಿ ಮಕ್ಕಳು ಹಾಡುತ್ತಿದ್ದ ಟಿ.ವಿ. ಕಾರ್ಯಕ್ರಮ ‘ಎದೆ ತುಂಬಿ ಹಾಡುವೆನು’ ಹಳೇ ಕಂತು ಹಾಕಿಕೊಂಡು ಮಲಗುತ್ತೇನೆ, ಎಸ್‌ಪಿಬಿ ದನಿ ಇಲ್ಲದಿದ್ದರೆ ನಿದ್ದೆಯೇ ಹತ್ತಲ್ಲ, ಈ ವಯಸ್ಸಿನಲ್ಲಿ ಇದೆಂಥ ಹುಚ್ಚು ಅಂತ ಕೇಳಿದ್ದೀಯ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ ಪುಟ್ಟಿ. ಧಾರಾಳವಾಗಿ ಕೇಳು.

ನಿನಗೆ ನೆನಪಿದೆಯೋ ಇಲ್ಲವೋ. ಅಡಿಕೆ ಸುಲಿಯುವ ದಿನಗಳಲ್ಲಿ ಆ ಕಾರ್ಯಕ್ರಮ ನೋಡಲಿಕ್ಕೆ ಟಿ.ವಿ.ಯನ್ನು ಜಗಲಿಗೆ ತಂದಿಡುತ್ತಿದ್ದೆವು. ಸುಲಿಯುವವರು ಮೆಟ್ಟುಗತ್ತಿ ಮುಂದೆ ಸಾಲಾಗಿ ಕೂತಿರುತ್ತಿದ್ದರು. ಡಬ್ಬದ ಲೆಕ್ಕದಲ್ಲಿ ಕೂಲಿ, ಹಾಗಾಗಿ ಎಷ್ಟು ಒಳ್ಳೆಯ ಹಾಡು ಬಂದರೂ ಕೈ ನಿಲ್ಲಿಸುತ್ತಿರಲಿಲ್ಲ. ಮಗು ಹಾಡಿ ಮುಗಿಸಿ, ಎಸ್‌ಪಿಬಿ ಮಾತು ಶುರು ಮಾಡಿದರೆ ಮಾತ್ರ ಕತ್ತಿಯ ಸದ್ದು ನಿಲ್ಲುತ್ತಿತ್ತು. ಎಲ್ಲರಿಗೂ ಅದೇ ಬೇಕಿತ್ತು. ಆ ಮಗುವಿಗೆ ಏನು ಹೇಳುತ್ತಾರೆ?

ಮೊದಲು ಚೆನ್ನಾಗಿದ್ದದ್ದನ್ನು ಹೇಳುತ್ತಿದ್ದರು, ಮನಸ್ಸು ಬಿಚ್ಚಿ. ಆಮೇಲೆ ಶ್ರುತಿ ಎಲ್ಲಿ ಜಾರಿತು, ಯಾವ ಅಕ್ಷರ ಸರಿಯಾಗಿ ಬೀಳಲಿಲ್ಲ, ಅದನ್ನೂ ಬಿಡುತ್ತಿರಲಿಲ್ಲ. ಆ ಸಾಲನ್ನು ತಾವೇ ಹಾಡಿ ತೋರಿಸುತ್ತಿದ್ದರು. ಹಾಡು ಬರೆದವರು ಯಾರು, ರಾಗ ಹಾಕಿದವರು ಯಾರು ಅಂತ ಅವರ ಹೆಸರು ಹೇಳಿ ನೆನೆಯುತ್ತಿದ್ದರು. ಅಷ್ಟು ಹೊತ್ತಿಗೆ ಮಗುವಿನ ಮುಖದ ಹೆದರಿಕೆ ಹೋಗಿರುತ್ತಿತ್ತು. ತಪ್ಪು ಗೊತ್ತಾಗಿದೆ, ಆದರೂ ಮುಖ ಅರಳಿದೆ! ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ ಇದು ಎಷ್ಟು ಅಪರೂಪ, ಅಲ್ವಾ?

ಅವರು ಹುಟ್ಟಿದ್ದು 1946ರಲ್ಲಿ, ನೆಲ್ಲೂರಿನ ಕಡೆ. ತಂದೆ ಹರಿಕಥೆ ಮಾಡುತ್ತಿದ್ದವರು. ಮಗ ಹೋಗಿದ್ದು ಇಂಜಿನಿಯರಿಂಗ್ ಓದಲಿಕ್ಕೆ. ಗುರುಗಳ ಹತ್ತಿರ ಕೂತು ಶಾಸ್ತ್ರೀಯ ಸಂಗೀತ ಕಲಿತವರಲ್ಲ. ಹಾಗಿದ್ದೂ ಗಾನಯೋಗಿ ಪಂಚಾಕ್ಷರ ಗವಾಯಿಗಳ ಕುರಿತ ಕನ್ನಡ ಸಿನಿಮಾದಲ್ಲಿ ಹಾಡಿ ರಾಷ್ಟ್ರಪ್ರಶಸ್ತಿ ತಗೊಂಡರು. ಮನೆಮಾತು ತೆಲುಗು, ತಿದ್ದಿದ್ದು ನಮ್ಮ ಮಕ್ಕಳ ಕನ್ನಡ! ಕೇಳಿ ಕೇಳಿಯೇ ಕಲಿತವರಿಗೆ ಕಲಿಯುವವರ ಕಷ್ಟ ಚೆನ್ನಾಗಿ ಗೊತ್ತಿರುತ್ತದೆ ಅಂತ ನನಗನಿಸುತ್ತದೆ.

ಆ ಕಾರ್ಯಕ್ರಮದ ಹೆಸರು ಕೇಳಿದರೆ ನನಗೆ ನಮ್ಮ ಜಿಲ್ಲೆಯವರೇ ಆದ ಜಿ.ಎಸ್. ಶಿವರುದ್ರಪ್ಪನವರ ‘ಎದೆ ತುಂಬಿ ಹಾಡಿದೆನು’ ಪದ್ಯ ನೆನಪಾಗುತ್ತದೆ. ಶಿಕಾರಿಪುರದ ಹತ್ತಿರದ ಈಸೂರಿನವರು ಅವರು. ಆ ಪದ್ಯದಲ್ಲಿ ಹಾಡುವವನಷ್ಟೇ ಮನಸ್ಸಿಟ್ಟು ಕೇಳುವವರಿಗೂ ಜಾಗ ಇದೆ. ಅಷ್ಟು ದೊಡ್ಡ ಹಾಡುಗಾರ ಆ ಕುರ್ಚಿಯಲ್ಲಿ ಕೂತಿದ್ದು ಕೇಳಲಿಕ್ಕೆ. ನಿನಗೆ ರಾತ್ರಿ ಬೇಕಾಗಿರುವುದೂ ಅದೇ ಇರಬೇಕು. ಹಗಲೆಲ್ಲ ಮೀಟಿಂಗಿನಲ್ಲಿ ನಿನ್ನ ಮಾತು ಪೂರ್ತಿ ಕೇಳುವವರಿಲ್ಲ, ತಪ್ಪಾದರೆ ಎಲ್ಲರೆದುರು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾರೆ ಅಂದಿದ್ದೆಯಲ್ಲ. ಅಂಥ ದಿನ ಕಳೆದು ಬಂದವಳಿಗೆ ಆ ದನಿ ಹಿತ ಅನಿಸದೆ ಇನ್ನೇನು?

2020ರ ಸೆಪ್ಟೆಂಬರ್ 25ರಂದು ಎಸ್‌ಪಿಬಿ ಹೋದ ಸುದ್ದಿ ಬಂದಾಗ ನೀನು ಫೋನಿನಲ್ಲಿ ಮಾತೇ ಆಡಲಾಗದೆ ಅತ್ತೆ. ಹೋದವರನ್ನು ಹೀಗೆ ದಿನಾ ಕೇಳುವುದು ಒಳ್ಳೆಯದಲ್ಲ ಅಂತ ನಿನ್ನ ಅಮ್ಮ ಅಂದಳಂತೆ. ಅವಳಿಗೆ ನಾನು ಹೇಳುತ್ತೇನೆ, ನೀನು ತಲೆ ಕೆಡಿಸಿಕೊಳ್ಳಬೇಡ.

ಆದರೆ ಒಂದು ಕಂತಿಗೆ ನಿಲ್ಲಿಸು. ಬೆಳಗಿನ ಜಾವದವರೆಗೆ ಒಂದಾದ ಮೇಲೊಂದು ನೋಡುತ್ತಾ ಹೋದರೆ ಮರುದಿನ ಇನ್ನೂ ಜಾಸ್ತಿ ಸುಸ್ತು. ಮತ್ತೆ, ನೀನು ಹಾಡುವುದನ್ನು ಯಾಕೆ ಬಿಟ್ಟೆ? ರೂಮಿನ ಬಾಗಿಲು ಹಾಕಿಕೊಂಡಾದರೂ ಹಾಡು. ಶ್ರುತಿ ಹೋದರೆ ಹೋಗಲಿ.

ಇನ್ನೊಂದು ಮಾತು ಗಟ್ಟಿಯಾಗಿಯೇ ಹೇಳುತ್ತೇನೆ. ನಿನ್ನ ಕೈಕೆಳಗೆ ಹೊಸ ಹುಡುಗ ಸೇರಿದ್ದಾನೆ, ಬರೀ ತಪ್ಪು ಮಾಡುತ್ತಾನೆ, ಬೈದು ಬೈದು ಸಾಕಾಯಿತು ಅಂತಲೂ ಬರೆದಿದ್ದೀಯ. ಅವನೂ ರಾತ್ರಿ ರೂಮಿಗೆ ಹೋಗಿ ಏನು ಹಾಕಿಕೊಂಡು ಮಲಗುತ್ತಾನೋ! ಅವನು ಮಾಡಿದ್ದರಲ್ಲಿ ಸರಿ ಇರುವುದನ್ನು ಮೊದಲು ಹೇಳು. ಆಮೇಲೆ ತಪ್ಪು ತೋರಿಸು, ಮುಚ್ಚಿಡಬೇಡ. ಪಕ್ಕದಲ್ಲಿ ಕೂತು ಒಂದು ಸಲ ನೀನೇ ಮಾಡಿ ತೋರಿಸು. ಹೇಗಾಯಿತು ಅಂತ ನನಗೆ ಬರಿ.

ಹಬ್ಬಕ್ಕೆ ತಾಳಗುಪ್ಪ ರೈಲಿನ ಟಿಕೆಟ್ ಬೇಗ ಖಾಲಿಯಾಗುತ್ತದೆ. ಈಗಲೇ ಮಾಡಿಸಿಡು.

ನಿನ್ನ
ದೊಡ್ಡಮ್ಮ